ತಾಳೆ ನೋಡುವುದನ್ನು ಮೊದಲ ದಿನವೇ ಕಲಿಸಿ

ಮಕ್ಕಳಿಗೆ ಬೀಜೋಕ್ತಿ (3ಕ + 5 ಹಾಗೆ ಅಕ್ಷರವೂ ಸಂಖ್ಯೆಯೂ ಸೇರಿದ ಉಕ್ತಿ) ಕಲಿಸುವಾಗ ನಾವು ಕ್ರಮವನ್ನೇ ಉಲ್ಟಾ ಮಾಡಿದ್ದೇವೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಮೊದಲು ಸಜಾತಿ ಪದ (2ಕ, 5ಕ ಹಾಗೆ ಅಕ್ಷರಭಾಗ ಒಂದೇ ಇರುವವು), ವಿಜಾತಿ ಪದ (ಅಕ್ಷರಭಾಗ ಬೇರೆ ಇರುವವು), ಸಹಗುಣಕ (ಅಕ್ಷರವನ್ನು ಗುಣಿಸುವ ಸಂಖ್ಯೆ) ಅಂತ ಬಾಯಿಪಾಠ ಮಾಡಿಸುತ್ತೇವೆ. ಆಮೇಲೆ ‘ಸುಲಭ ರೂಪಕ್ಕೆ ತನ್ನಿ’ ಅಂತ ಒಂದು ರಾಶಿ ಲೆಕ್ಕ. ಅಕ್ಷರದ ಜಾಗಕ್ಕೆ ಸಂಖ್ಯೆ ಹಾಕಿ ಬೆಲೆ ಕಂಡುಹಿಡಿಯುವುದು ಕೊನೆಗೆ, ಅದೂ ಬೇರೆಯದೇ ಪಾಠದ ಹಾಗೆ. ಅದು ಮೊದಲ ದಿನವೇ ಬರಬೇಕು.

‘2ಮ ಅಂದರೆ ಎರಡು ಮಾವು, 3ಬ ಅಂದರೆ ಮೂರು ಬಾಳೆ, ಅದಕ್ಕೇ ಕೂಡಿಸಲು ಆಗುವುದಿಲ್ಲ’ ಅಂತ ಹೇಳಿಕೊಡುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ನಾಳೆ ಮ × ಬ ಬಂದರೆ ಮಗು ಮಾವನ್ನು ಬಾಳೆಯಿಂದ ಗುಣಿಸಬೇಕಾ? ಮ ಹಣ್ಣಲ್ಲ, ಒಂದು ಸಂಖ್ಯೆ. ಹಣ್ಣು ಎಷ್ಟು ಅನ್ನುವ ಸಂಖ್ಯೆ, ಇಲ್ಲವೇ ಒಂದು ಹಣ್ಣಿಗೆ ಎಷ್ಟು ರೂಪಾಯಿ ಅನ್ನುವ ಸಂಖ್ಯೆ.

ನನಗೆ ತುಂಬಾ ಇಷ್ಟವಾದದ್ದು ಬೆಂಕಿಕಡ್ಡಿ ಲೆಕ್ಕ. ಕಡ್ಡಿಗಳಿಂದ ಒಂದಕ್ಕೊಂದು ಅಂಟಿದ ಚೌಕಗಳನ್ನು ಸಾಲಾಗಿ ಜೋಡಿಸಿ. ಒಂದು ಚೌಕಕ್ಕೆ 4 ಕಡ್ಡಿ, ಎರಡಕ್ಕೆ 7, ಮೂರಕ್ಕೆ 10. ಹಾಗಾದರೆ ‘ಕ’ ಚೌಕಗಳಿಗೆ ಎಷ್ಟು? ಒಬ್ಬಳು ಮೊದಲ ಚೌಕಕ್ಕೆ 4, ಉಳಿದ ಒಂದೊಂದಕ್ಕೂ 3 ಅಂತ ನೋಡಿ 4 + 3(ಕ − 1) ಅಂತ ಬರೆಯಬಹುದು. ಇನ್ನೊಬ್ಬ ಮೇಲೆ ಕ, ಕೆಳಗೆ ಕ, ನಿಂತ ಕಡ್ಡಿ ಕ + 1 ಅಂತ ಎಣಿಸಿ 2ಕ + (ಕ + 1) ಅನ್ನಬಹುದು. ಯಾರದು ಸರಿ? ಕ ಜಾಗಕ್ಕೆ 10 ಹಾಕಿ ನೋಡಿ. ಎರಡರಲ್ಲೂ 31. ಆವರಣ ಬಿಡಿಸಿ ಸುಲಭ ಮಾಡಿದರೆ ಎರಡೂ 3ಕ + 1 ಆಗುತ್ತವೆ. ಸುಲಭೀಕರಿಸುವುದು ಯಾಕೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ರೂಪ ಬದಲಾಗಬೇಕು, ಬೆಲೆ ಬದಲಾಗಬಾರದು. ಅಷ್ಟೇ ಅಲ್ವಾ?

ಇದು ಗೊತ್ತಾದ ಮಗು ತನ್ನ ಉತ್ತರವನ್ನು ತಾನೇ ತಾಳೆ ನೋಡುತ್ತದೆ. 5 − 2(ಕ − 3) ತೆಗೆದುಕೊಳ್ಳಿ. ಸರಿಯಾದ ಉತ್ತರ 11 − 2ಕ. ತುಂಬಾ ಮಕ್ಕಳು −1 − 2ಕ ಅಂತ ಬರೆಯುತ್ತಾರೆ, ಯಾಕೆಂದರೆ −2 ಅನ್ನು −3ರಿಂದ ಗುಣಿಸಿದರೆ +6 ಅನ್ನುವುದು ಮರೆತಿರುತ್ತದೆ. ಕೆಲವರು ಮೊದಲೇ 5ರಲ್ಲಿ 2 ಕಳೆದು 3(ಕ − 3) ಮಾಡುತ್ತಾರೆ. ಕ = 5 ಹಾಕಿದರೆ ಪ್ರಶ್ನೆಯ ಬೆಲೆ 1. ಸರಿಯುತ್ತರಕ್ಕೂ 1. ತಪ್ಪುಗಳಿಗೆ −11 ಮತ್ತು 6. ಮೇಷ್ಟ್ರ ಕೆಂಪು ಪೆನ್ನಿಗೆ ಕಾಯಬೇಕಾಗಿಲ್ಲ.

ಒಂದು ಎಚ್ಚರ ಮಾತ್ರ ಬೇಕು. 0 ಮತ್ತು 1 ಹಾಕಿ ನೋಡಬೇಡಿ. 3ಕ + 5 ಅನ್ನು 8ಕ ಮಾಡಿದ ಮಗು ಕ = 1 ಹಾಕಿದರೆ ಎರಡೂ ಕಡೆ 8 ಬಂದು ಖುಷಿಪಡುತ್ತದೆ. ಕ = 2 ಹಾಕಿದರೆ ಒಂದು ಕಡೆ 11, ಇನ್ನೊಂದು ಕಡೆ 16. ಒಂದೇ ಬೆಲೆಗೆ ನಿಲ್ಲಿಸದೆ ಇನ್ನೊಂದು ಬೆಲೆಗೂ ನೋಡುವುದು ಒಳ್ಳೆಯದು. ಒಂದೇ ಅಕ್ಷರವಿದ್ದು ವರ್ಗ, ಘನ ಇಲ್ಲದ ಉಕ್ತಿಗಳು ಎರಡು ಬೇರೆ ಬೇರೆ ಬೆಲೆಗಳಿಗೆ ತಾಳೆಯಾದರೆ ಅವೆರಡೂ ಒಂದೇ, ಅನುಮಾನವೇ ಇಲ್ಲ.

ಸಂಖ್ಯೆ ಹಾಕುವಾಗ ಆವರಣ ಬಿಡಬಾರದು. ಕ = 4 ಇದ್ದಾಗ 2ಕ ಅನ್ನು 24 ಅಂತ ಬರೆಯುವ ಮಕ್ಕಳಿದ್ದಾರೆ. 2(4), ಅಂದರೆ 2 × 4, ಅಂತ ಬರೆದರೆ ಆ ಗೊಂದಲವೇ ಇಲ್ಲ. ಕ = −3 ಇದ್ದಾಗ ಕ² ಅಂದರೆ (−3)², ಅಂದರೆ 9.

ಶಿಕ್ಷಕ ಮಿತ್ರರಲ್ಲಿ ಒಂದೇ ಕೋರಿಕೆ. ನೋಟ್‌ಬುಕ್ಕಿನಲ್ಲಿ ಪ್ರತಿ ಲೆಕ್ಕದ ಕೆಳಗೆ ‘ತಾಳೆ’ ಅಂತ ಒಂದು ಸಾಲು ಬರೆಸಿ, ಅದಕ್ಕೂ ಒಂದು ಅಂಕ ಕೊಡಿ. ಲೆಕ್ಕಗಳ ಸಂಖ್ಯೆ ಅರ್ಧಕ್ಕೆ ಇಳಿದರೂ ಪರವಾಗಿಲ್ಲ.