ಕಂದು ಬಣ್ಣ ಚೆನ್ನಾಗಿದೆ

ಕಡುಗೆಂಪು ಲಕೋಟೆಯ ಮೇಲೆ ಬಂಗಾರದ ಜಲವರ್ಣದಲ್ಲಿ ಒಂದು ವಿಳಾಸವನ್ನು ಬರೆದು, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟು, ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಕಳುಹಿಸಿದಾಗ ಬಂದ ಮೊದಲ ಉತ್ತರ, “ಅಕ್ಷರ ಮುದ್ದಾಗಿದೆ, ಕಂದು ಬಣ್ಣ ಚೆನ್ನಾಗಿದೆ” ಎಂಬುದಾಗಿತ್ತು. ಅದು ಕಂದಲ್ಲ, ಸಾಸಿವೆ ಬಣ್ಣ ಎಂದು ಇನ್ನೊಬ್ಬರು ತಿದ್ದಿದರು. ಮನುಷ್ಯನಿಗೆ ಹೊಳೆಯುವ ವಸ್ತುಗಳ ಮೇಲೆ ಇಷ್ಟೊಂದು ಮೋಹವೇಕೆ ಎಂಬುದರ ಬಗ್ಗೆ ಗಂಭೀರವಾಗಿ ಬರೆಯಬೇಕೆಂದೇ ನಾನು ಕುಳಿತದ್ದು. ಆದರೆ ಅದಕ್ಕೂ ಮೊದಲು ಈ ಕಂದು ಬಣ್ಣದ ಲೆಕ್ಕ ಚುಕ್ತಾ ಆಗಬೇಕು.

ಈ ಜಲವರ್ಣ ಬರುವುದು ನೀರು ಹಾಕಿ ಕದಡಿಕೊಳ್ಳುವ ಒಣ ಬಿಲ್ಲೆಯ ರೂಪದಲ್ಲಿ. ಆ ಬಿಲ್ಲೆಯೊಳಗೆ ಇರುವುದು ಬಂಗಾರವಲ್ಲ, ಕಾಗೆ ಬಂಗಾರ, ಅಂದರೆ ಅಭ್ರಕ. ಅಭ್ರಕದ ಅತಿ ತೆಳುವಾದ ಹಕ್ಕಳೆಗಳಿಗೆ ಟೈಟಾನಿಯಂ ಡೈಆಕ್ಸೈಡಿನ ಲೇಪ ಕೊಟ್ಟಿರುತ್ತಾರೆ. ಲೇಪದ ದಪ್ಪ 40ರಿಂದ 60 ನ್ಯಾನೋಮೀಟರ್ ಇದ್ದರೆ ಬೆಳ್ಳಿ. ಅದು ಹೆಚ್ಚುತ್ತ ಹೋದಂತೆ ಹಳದಿ, ಕೆಂಪು, ನೀಲಿ, ಹಸಿರು. ಕಬ್ಬಿಣದ ಆಕ್ಸೈಡ್ ಜೊತೆಗೂಡಿದರೆ ಬಂಗಾರ. ಬಣ್ಣ ಒಣಗುವಾಗ ಈ ಹಕ್ಕಳೆಗಳು ಕಾಗದದ ಮೇಲೆ ಚಪ್ಪಟೆಯಾಗಿ ಮಲಗಿ, ಬಂದ ಬೆಳಕನ್ನು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತವೆ. ತಲೆಯನ್ನು ತುಸು ಅಲ್ಲಾಡಿಸುವ ಮನುಷ್ಯನಿಗೆ ಆ ಹೊಳಪು ಸಿಗುತ್ತದೆ, ಒಂದೆಡೆ ನಿಂತು ನೋಡುವ ಯಂತ್ರಕ್ಕೆ ಸಿಗುವುದಿಲ್ಲ. ಸ್ಕ್ಯಾನರ್ ಅಂತೂ ಹೊಳಪು ಕಾಣಬಾರದೆಂಬ ಉದ್ದೇಶದಿಂದಲೇ ತನ್ನ ದೀಪವನ್ನು ಓರೆಯಾಗಿ ಹಿಡಿದಿರುತ್ತದೆ. ಹಾಗಾಗಿ ಈಗ ಎಲ್ಲರೂ ಕಾಗದವನ್ನು ಅತ್ತಿತ್ತ ವಾಲಿಸುತ್ತ ವಿಡಿಯೋ ಮಾಡುತ್ತಾರೆ. ಅಕ್ಷರದ ಅಂದವನ್ನು ನೋಡಲು ಕಾಗದವನ್ನು ಒಂದು ಗಳಿಗೆಯಾದರೂ ಸುಮ್ಮನೆ ಹಿಡಿಯಬೇಕು ಎಂದು ಅವರಿಗೆ ಹೇಳುವವರಿಲ್ಲ. ವಾಲಿಸಿದರೆ ಕಾಗುಣಿತ ತಪ್ಪಿದ ಅಕ್ಷರವೂ ಹೊಳೆಯುತ್ತದೆ.

ಆ ಲಕೋಟೆಗಳು ನನ್ನ ಸೋದರತ್ತೆಯ ಮೊಮ್ಮಗಳ ಮದುವೆಯವು. ವಿಳಾಸಗಳೆಲ್ಲ ಕೈಬರಹದಲ್ಲಿರಬೇಕು, ಕನ್ನಡದಲ್ಲಿರಬೇಕು, ಬಂಗಾರದ್ದಾಗಿರಬೇಕು ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಬೆಂಗಳೂರಿನ ಸುಲ್ತಾನಪೇಟೆಯ ಯಾವ ಲಗ್ನಪತ್ರಿಕೆಯ ಅಂಗಡಿಗೆ ಹೋದರೂ ಯಂತ್ರದಲ್ಲಿ ಬಂಗಾರದ ಹಾಳೆಯನ್ನು ಒತ್ತಿ ಕೊಡುತ್ತಾರೆ ಎಂದು ಸೂಚಿಸಿ ನೋಡಿದೆ. ಮನೆಯಲ್ಲೇ ಬರೆಯುವವನಿರುವಾಗ ದುಡ್ಡು ಏಕೆ ದಂಡ ಎಂದರು. ಬರೆಯುವವನಿಗೆ ಏನೂ ಕೊಡಬೇಕಾಗಿಲ್ಲ ಎಂಬುದು ನಮ್ಮ ಬಂಧುವರ್ಗದಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿರುವ ಕೆಲವೇ ನಂಬಿಕೆಗಳಲ್ಲಿ ಒಂದು.

ಅದ್ದಿ ಬರೆಯುವ ಚೂಪು ನಿಬ್ಬು ಬಲಕ್ಕೆ ಬಾಗಿದ ಇಂಗ್ಲಿಷ್ ಕೂಡಕ್ಷರಕ್ಕಾಗಿ ಹುಟ್ಟಿದ್ದು. ಕೆಳಗೆ ಎಳೆದಾಗ ಅದರ ಸೀಳು ತೆರೆದು ಗೆರೆ ದಪ್ಪವಾಗುತ್ತದೆ. ಮೇಲಕ್ಕೆ ಒತ್ತಿ ನೂಕಿದರೆ ಅದು ಕಾಗದದ ನಾರಿಗೆ ಸಿಕ್ಕಿ ಮಸಿಯನ್ನು ಸಿಡಿಸುತ್ತದೆ. ಕನ್ನಡದ ಅಕ್ಷರವೋ ಎಲ್ಲ ದಿಕ್ಕಿಗೂ ಸುತ್ತುವಂಥದ್ದು. ಕೊಂಬಿನ ತಿರುವಿನಲ್ಲಿ ಬಣ್ಣ ಮಡುಗಟ್ಟುತ್ತದೆ, ತಲೆಕಟ್ಟಿಗೆ ಬರುವಷ್ಟರಲ್ಲಿ ಬರಿದಾಗುತ್ತದೆ. ಇದರ ಜೊತೆಗೆ ಈ ಬಣ್ಣಕ್ಕೆ ತೂಕವಿದೆ. ಬಿಲ್ಲೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟು, ನೆನೆಯಲು ಬಿಟ್ಟು, ಕೆನೆಯ ಹದಕ್ಕೆ ಕದಡಿ, ಕುಂಚದಿಂದ ನಿಬ್ಬಿಗೆ ಸವರಿಕೊಂಡು ಬರೆಯಲು ಹೊರಟರೆ, ನಿಲ್ಲಿಸಿಟ್ಟ ಸಾರಿನಲ್ಲಿ ಬೇಳೆ ತಳ ಸೇರುವಂತೆ ಅಭ್ರಕವೆಲ್ಲ ತಳಕ್ಕಿಳಿದು, ಮೇಲೆ ಬರಿಯ ಗೋಂದಿನ ನೀರು ನಿಂತಿರುತ್ತದೆ. ಒಂದೆರಡು ಅಕ್ಷರಕ್ಕೊಮ್ಮೆ ಕದಡದಿದ್ದರೆ ಬರೆದದ್ದು ಕಾಣುವುದೇ ಇಲ್ಲ.

ನಮ್ಮ ಬಂಧುಗಳಲ್ಲಿ ಲಕ್ಷ್ಮಿಯರಿಗೆ ಬರವಿಲ್ಲ. ವಿಜಯಲಕ್ಷ್ಮೀ, ವರಲಕ್ಷ್ಮೀ, ಭಾಗ್ಯಲಕ್ಷ್ಮೀ, ಲಕ್ಷ್ಮೀನಾರಾಯಣ, ಲಕ್ಷ್ಮೀಕಾಂತ. ಒಂದು ಕಕಾರ, ಅದರಡಿ ಷಕಾರದ ಒತ್ತು, ಅದರ ಪಕ್ಕಕ್ಕೆ ಮಕಾರದ ಒತ್ತು, ಮೇಲೆ ಗುಡಿಸು, ಕೊನೆಗೆ ದೀರ್ಘ. ಇಷ್ಟನ್ನೂ ಒಂದೇ ಸವರಿಕೆಯ ಬಣ್ಣದಲ್ಲಿ ಮುಗಿಸಲು ಹೊರಟರೆ ಒತ್ತುಗಳ ಪಾಲಿಗೆ ಬಂಗಾರವೇ ಉಳಿಯುವುದಿಲ್ಲ. ಅತ್ತೆ ಕನ್ನಡಕವನ್ನು ಏರಿಸಿಕೊಂಡು ಬಂದು ಒಂದು ಲಕೋಟೆಯನ್ನು ಎತ್ತಿ ನೋಡಿದರು.

“ಏನಪ್ಪಾ ಇದು, ಲಕ್ಷ್ಮಿ ಕಾಲಿಗೇ ಬಂಗಾರ ಇಲ್ವಲ್ಲೋ?”

“ಕಾಲಿಗೆ ಬಂಗಾರ ಹಾಕ್ಬಾರ್ದು ಅಂತ ನೀವೇ ಅಲ್ವಾ ಅತ್ತೆ ಹೇಳೋದು?”

“ಅದು ನಮಗೆ. ಅವಳಿಗಲ್ಲ.”

ಎಲ್ಲ ಲಕ್ಷ್ಮಿಯರ ಕಾಲಿಗೂ ಮತ್ತೊಮ್ಮೆ ಬಂಗಾರ ಸವರಿದ್ದಾಯಿತು. ಆಮೇಲೆ ಅತ್ತೆ ಪ್ರತಿ ಲಕೋಟೆಯ ನಾಲ್ಕು ಮೂಲೆಗೂ ಒದ್ದೆ ಅರಿಶಿನ ಹಚ್ಚಿದರು. ಜಲವರ್ಣವು ಒಣಗಿದ ಮೇಲೂ ನೀರಿಗೆ ಕರಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಮೂಲೆಗೆ ಹತ್ತಿರವಿದ್ದ ಪಿನ್‌ಕೋಡುಗಳು ಅರಿಶಿನದಲ್ಲಿ ಐಕ್ಯವಾಗಿದ್ದವು. ದೂರದೂರಿನ ಲಕೋಟೆಗಳನ್ನು ಒಯ್ದ ಕೊರಿಯರ್ ಕಚೇರಿಯಲ್ಲಿ ಒಬ್ಬ ಹುಡುಗ ಬಾರ್‌ಕೋಡಿನ ಬಿಳಿಯ ಚೀಟಿಯನ್ನು ಸರಿಯಾಗಿ ಹೆಸರಿನ ಮೇಲೆಯೇ ಅಂಟಿಸಿದ. ಖಾಲಿ ಜಾಗ ಇತ್ತಲ್ಲಪ್ಪಾ ಎಂದದ್ದಕ್ಕೆ, ಈ ಬರಹ ಲೈಟಿಗೆ ಹೊಳೆಯುತ್ತದೆ, ಓದಲು ಆಗುವುದಿಲ್ಲ, ಚೀಟಿಯಲ್ಲಿ ಎಲ್ಲ ಇದೆ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಸಿಟ್ಟು ಅದರಿಂದ ಕಡಿಮೆಯೂ ಆಗಲಿಲ್ಲ.

ಮೈಸೂರು ಶೈಲಿಯ ಚಿತ್ರಕಾರರಿಗೆ ಈ ಹೊಳಪಿನ ಗುಣ ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಅನಿಸಿಕೆ. ಅವರು ಅಪ್ಪಟ ಚಿನ್ನದ ರೇಕನ್ನು ಬರಿಯ ಕಾಗದಕ್ಕೆ ಅಂಟಿಸಲಿಲ್ಲ. ಸಫೇದವೆಂಬ ಬಿಳಿಯ ಪುಡಿ, ಗೋಂದು ಮತ್ತು ಮಕ್ಕಿಯೆಂಬ ಹಳದಿ ರಾಳವನ್ನು ಅರೆದು, ಆಭರಣವನ್ನೂ ಸೀರೆಯ ಅಂಚನ್ನೂ ಕೂದಲೆಳೆಯಷ್ಟು ಉಬ್ಬಿಸಿ, ಅದರ ಮೇಲೆ ರೇಕನ್ನು ಕೂರಿಸಿದರು. ಉಬ್ಬಿನ ಒಂದಲ್ಲ ಒಂದು ಮಗ್ಗುಲು ಬೆಳಕಿಗೆ ಸಿಕ್ಕೇ ಸಿಗುವುದರಿಂದ ಅಲ್ಲಿ ಯಾರೂ ಏನನ್ನೂ ವಾಲಿಸಬೇಕಾಗಿಲ್ಲ. ಅಂಥ ಚಿತ್ರಗಳ ಮುಂದೆ ಗಾಜು ಹೊದಿಸಿ, ಗಾಜಿನ ಎದುರಿಗೆ ಟ್ಯೂಬ್‌ಲೈಟು ಹಾಕುವವರ ಬಗ್ಗೆ ಬೇರೆಯೇ ಬರೆಯಬೇಕು.

ಇನ್ನು ಬಿಲ್ಲೆಗಳ ಹೆಸರುಗಳು. ಜರ್ಮನಿಯ ಫೈನ್‌ಟೆಕ್‌ನವರ ಡಬ್ಬಿಗಳಲ್ಲಿ ಅರೇಬಿಕ್, ಟಿಬೆಟ್, ಇಂಕಾ ಎಂಬ ಬಂಗಾರಗಳಿವೆ. ಜಪಾನಿನ ನಾರಾದಲ್ಲಿ 1902ರಲ್ಲಿ ಮಸಿ ತಯಾರಿಕೆಯಿಂದ ಆರಂಭವಾದ ಕುರೆತಾಕೆ ಕಂಪನಿಯ ಸ್ಟಾರಿ ಕಲರ್ಸ್ ಡಬ್ಬಿಯಲ್ಲಿ ಕೆಂಪು ಬಂಗಾರ, ನೀಲಿ ಬಂಗಾರ, ಷಾಂಪೇನ್ ಬಂಗಾರ ಎಂದೆಲ್ಲ ಆರು ಬಗೆಗಳಿವೆ. 2001ರಲ್ಲಿ ಗಣಿ ಮುಚ್ಚುವವರೆಗೆ ನಿಜವಾದ ಬಂಗಾರವನ್ನೇ ಅಗೆದು ಕೊಟ್ಟ ಕೋಲಾರದ ಹೆಸರು ಯಾರಿಗೂ ನೆನಪಾಗಿಲ್ಲ. ಅದಿರಲಿ, ಜಾರ್ಖಂಡದ ಕೊಡರ್ಮಾ, ಗಿರಿಡೀ ಸೀಮೆಗಳಲ್ಲಿ ಮಕ್ಕಳೂ ಕುಳಿಗಳಿಗಿಳಿದು ಅಭ್ರಕದ ಚೂರು ಆಯುತ್ತಾರೆಂಬ ಸುದ್ದಿ ಹಲವು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಬಣ್ಣದ ಹೆಸರಿನಲ್ಲಿ ಇಂಕಾಗಳ ವೈಭವವನ್ನು ನೆನೆಯುವವರು ಅಭ್ರಕ ಎಲ್ಲಿಂದ ಬಂತೆಂಬುದನ್ನೂ ಡಬ್ಬಿಯ ಮೇಲೆ ಮುದ್ರಿಸಿದರೆ ಒಳ್ಳೆಯದು. ಪ್ರಯೋಗಾಲಯದಲ್ಲಿ ತಯಾರಾದ ಕೃತಕ ಅಭ್ರಕ ಈಗ ಸಿಗುತ್ತದೆ, ಅದರ ಹೊಳಪು ಯಾವ ಲೆಕ್ಕದಲ್ಲೂ ಕಡಿಮೆಯಲ್ಲ.

ಯಾವ ಬಂಗಾರ ಕೊಳ್ಳಲಿ ಎಂದು ಹೊಸಬರು ಕೇಳುತ್ತಾರೆ. ಬಿಳಿಯ ಕಾಗದದ ಮೇಲೆ ಆರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಒಂದೇ ಬಿಲ್ಲೆ ಕೊಂಡು ಉಳಿದ ಹಣಕ್ಕೆ ಕಪ್ಪೋ ಕಡುನೀಲಿಯೋ ಆದ ಒಳ್ಳೆಯ ಕಾಗದ ತೆಗೆದುಕೊಳ್ಳಿ, ದಯವಿಟ್ಟು ಈ ಬಣ್ಣವನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ ಎಂದು ಹೇಳುತ್ತೇನೆ. ಅವರು ತಲೆಯಾಡಿಸಿ, ಬರೆದುಕೊಂಡು ಹೋಗಿ, ಆರರ ಡಬ್ಬಿಯನ್ನೇ ಕೊಳ್ಳುತ್ತಾರೆ.