ಸ್ಪಷ್ಟನೆ: ಡಿಸಿಸಿ ಇದ್ದರೂ ರಿವರ್ಸ್ ಲೂಪ್‌ನಲ್ಲಿ ಹಳಿಗಳನ್ನು ಬೇರ್ಪಡಿಸಲೇಬೇಕು

ಡಿಸಿಸಿ ಎಂಬ ಡಿಜಿಟಲ್ ನಿಯಂತ್ರಣದಲ್ಲಿ ಎಂಜಿನ್ ಸಾಗುವ ದಿಕ್ಕನ್ನು ಅದರೊಳಗಿನ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ನಿರ್ಧರಿಸುವುದರಿಂದ, ಮಾದರಿ ರೈಲಿನ ಹಾದಿ ಸುತ್ತಿ ಬಂದು ತನ್ನನ್ನೇ ಸೇರಿ ರೈಲನ್ನು ಹಿಂದಿರುಗಿಸುವ ರಿವರ್ಸ್ ಲೂಪ್‌ಗೆ ವಿಶೇಷ ವೈರಿಂಗ್ ಬೇಡ ಎಂಬ ಮಾತು ಹವ್ಯಾಸಿಗಳಲ್ಲಿ ಹರಿದಾಡುತ್ತಿದೆ. ಇದರ ಮೊದಲರ್ಧ ಸರಿ, ತೀರ್ಮಾನ ತಪ್ಪು. ಎರಡು ಹಳಿಗಳ ಹಾದಿ ಸುತ್ತಿ ಬಂದು ತನ್ನನ್ನೇ ಸೇರುವಲ್ಲಿ ಎಡ ಹಳಿಯು ಬಲ ಹಳಿಗೆ ಕೂಡಿಕೊಳ್ಳುತ್ತದೆ. ವಿದ್ಯುತ್ತು ಡಿಸಿ (ಹಳಿಗಳ ಧ್ರುವಗಳೇ ದಿಕ್ಕನ್ನು ನಿರ್ಧರಿಸುವ ಸಾಮಾನ್ಯ ನೇರ ವಿದ್ಯುತ್ತು) ಆಗಿರಲಿ, ಡಿಸಿಸಿಯಾಗಿರಲಿ, ಹಾದಿಯ ಮೇಲೆ ರೈಲೇ ಇಲ್ಲದಿದ್ದರೂ ಅಲ್ಲಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಆದ್ದರಿಂದ ಲೂಪ್‌ನ ಎರಡೂ ತುದಿಗಳಲ್ಲಿ, ಎರಡೂ ಹಳಿಗಳನ್ನು ಕತ್ತರಿಸಿ ಅಥವಾ ಪ್ಲಾಸ್ಟಿಕ್ ಜಾಯಿಂಟರ್ ಹಾಕಿ, ನಡುವಿನ ಭಾಗಕ್ಕೆ ಪ್ರತ್ಯೇಕವಾಗಿ ವಿದ್ಯುತ್ ಕೊಡಬೇಕು. ಒಂದೇ ಹಳಿಯನ್ನು ಕತ್ತರಿಸಿದರೆ ಸಾಲದು. ಬೋಗಿಗಳಿಗೆ ಲೋಹದ ಚಕ್ರಗಳಿದ್ದರೆ, ಈ ಭಾಗವು ಓಡಿಸುವ ಅತಿ ಉದ್ದದ ರೈಲಿಗಿಂತಲೂ ಉದ್ದವಾಗಿರಬೇಕು. ಇಲ್ಲವಾದರೆ ಚಕ್ರಗಳು ಎರಡೂ ತುದಿಗಳ ಕಡಿತಗಳನ್ನು ಏಕಕಾಲಕ್ಕೆ ಬೆಸೆದು, ಎಷ್ಟೇ ಬೆಲೆಬಾಳುವ ಉಪಕರಣವನ್ನೂ ಗೊಂದಲಕ್ಕೀಡುಮಾಡಬಹುದು.

ಡಿಸಿಸಿಯ ನಿಜವಾದ ಅನುಕೂಲ ಬೇರೆಯದು: ಆಟೋ ರಿವರ್ಸರ್ ಎಂಬ ಉಪಕರಣವು ಚಕ್ರಗಳು ಕಡಿತ ದಾಟುವಾಗ ಆಗುವ ಶಾರ್ಟನ್ನು ಗುರುತಿಸಿ, ರೈಲು ನಿಲ್ಲುವ ಮೊದಲೇ ಆ ಭಾಗದ ಸಂಪರ್ಕವನ್ನು ಅದಲುಬದಲು ಮಾಡುತ್ತದೆ. ಡಿಸಿಯಲ್ಲಾದರೆ, ರೈಲು ಲೂಪ್‌ನೊಳಗಿರುವಾಗಲೇ ಮುಖ್ಯ ಹಾದಿಯ ಧ್ರುವಗಳನ್ನು ಸ್ವಿಚ್‌ನಿಂದ ಬದಲಿಸಬೇಕಾಗುತ್ತದೆ. ರೈಲನ್ನು ತಿರುಗಿಸುವ ತ್ರಿಕೋನ ಹಾದಿಗೂ ಹಳಿ ಬೇರ್ಪಡಿಸುವ ಇದೇ ನಿಯಮ. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಮಾದರಿಯ, ನಡುವೆ ಮೂರನೆಯ ಸಂಪರ್ಕವಿರುವ ಹಾದಿಯಲ್ಲಿ ಮಾತ್ರ, ಹೊರಗಿನ ಎರಡೂ ಹಳಿಗಳು ಒಂದೇ ಧ್ರುವದವಾದ್ದರಿಂದ, ಈ ತೊಡಕು ಹುಟ್ಟುವುದಿಲ್ಲ.