ಸಿ.ಬಿ. ಪಾಯಿಂಟ್ ಸರಿ ಮಾಡಿ ಎಂದರೆ ಡೈನಮೋವನ್ನೇ ಗುಜರಿಗೆ ಹಾಕುವುದೇ?

ನನ್ನ ಹಳೆಯ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಗ್ಯಾರೇಜಿನ ಮೇಸ್ತ್ರಿಯ ಬಳಿ ಕೇಳಿದ್ದು ಒಂದು ಕಂಡೆನ್ಸರ್, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಪುಟ್ಟ ಸಾಮಾನು. ಬಿಸಿಯಾದರೆ ಗಾಡಿ ನಿಲ್ಲುತ್ತಿದೆ, ತಣ್ಣಗಾದ ಮೇಲೆ ಏನೂ ಆಗದ ಹಾಗೆ ಹೊರಡುತ್ತದೆ, ಸಿ.ಬಿ. ಪಾಯಿಂಟಿನಲ್ಲಿ (ಕಾಂಟ್ಯಾಕ್ಟ್ ಬ್ರೇಕರ್, ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ಕಿಡಿ ಹಾರುತ್ತಿದೆ, ಕಂಡೆನ್ಸರ್ ಬದಲಿಸಿ ಪ್ಲಗ್ಗಿನ ಕಿಡಿಯ ಟೈಮಿಂಗ್ ಇಟ್ಟುಕೊಡಿ ಎಂದು ಬಿಡಿಸಿ ಹೇಳಿ ಬಂದಿದ್ದೆ. ಇವತ್ತು ಸಂಜೆ ಹೋಗಿ ನೋಡಿದರೆ ಬಲಗಡೆಯ ಕವರ್ ಒಳಗೆ ಕರೆಂಟು ಹುಟ್ಟಿಸುವ ಡೈನಮೋವೇ ಇಲ್ಲ! ಆ ಜಾಗದಲ್ಲಿ ಹೊಸ ಮ್ಯಾಗ್ನೆಟ್, ಸೀಟಿನ ಕೆಳಗೆ ಪಾಯಿಂಟ್ ಇಲ್ಲದೆಯೇ ಕಿಡಿ ಕೊಡುವ ಎಲೆಕ್ಟ್ರಾನಿಕ್ ಸಿಡಿಐ ಡಬ್ಬಿ. 6 ವೋಲ್ಟಿನ ಹಾರ್ನ್, ಬಲ್ಬುಗಳೂ ಹೋಗಿ 12 ವೋಲ್ಟಿನವು ಬಂದಿವೆ. ನನ್ನನ್ನು ಒಂದು ಮಾತು ಕೇಳಿಲ್ಲ.

ಹಳೆಯ ಸಾಮಾನು ಎಲ್ಲಿ ಎಂದೆ. "ಆ ತಗಡನ್ನು ಯಾರು ಇಟ್ಟುಕೊಳ್ಳುತ್ತಾರೆ ಸಾರ್, ಗುಜರಿಯವನು ಬೆಳಿಗ್ಗೆ ಬಂದಿದ್ದ" ಎಂದ ಮೇಸ್ತ್ರಿ, ಸ್ಪ್ಯಾನರ್ ಒರೆಸುತ್ತ, ನನ್ನ ಮುಖವನ್ನೂ ನೋಡದೆ. ಇನ್ನೂ ಉಳಿದಿರಬಹುದು ಎಂಬ ಆಸೆಯಿಂದ ಮೂಲೆಯಲ್ಲಿದ್ದ ಡ್ರಮ್ಮಿಗೆ ಕೈ ಹಾಕಿದೆ. ಸವೆದ ಬ್ರೇಕ್ ಶೂ, ತುಂಡಾದ ಚೈನ್, ಮೊಣಕೈವರೆಗೂ ಕರಿ ಆಯಿಲ್. ಹೊಸ ಗಾಡಿಗಳ ಹುಡುಗರು ನಾಲ್ಕೈದು ಜನ ನಿಂತಿದ್ದರು. ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. "ಸಾರ್‌ಗೆ ಅವರ ಅಜ್ಜನ ಕಾಲದ ಪಾಯಿಂಟೇ ಬೇಕಂತೆ" ಎಂದ ಮೇಸ್ತ್ರಿ. ಎಲ್ಲರೂ ನಕ್ಕರು. ಹೌದು, ಅದೇ ಬೇಕು! ಹಾಗೆಂದು ಅಲ್ಲಿ ಹೇಳಲು ಬಾಯಿಯೇ ಬರಲಿಲ್ಲ. ಅವನು ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಮಾಡಿ "ಈಗ ಹೇಳಿ" ಎಂದ. ನಾನು ದುಡ್ಡು ಎಣಿಸಿ ಕೊಟ್ಟೆ.

ಗಾಡಿ ಚೆನ್ನಾಗಿಯೇ ಓಡುತ್ತಿದೆ. ಹೊಟ್ಟೆ ಉರಿಯುವುದು ಅದಕ್ಕೇ. ಹೆಡ್‌ಲೈಟ್ ಮಂಕಾಗುವುದಿಲ್ಲ. ಪಾಯಿಂಟಿನ ಹಿಮ್ಮಡಿ, ಅಂದರೆ ಕ್ಯಾಮ್‌ಗೆ ಉಜ್ಜುವ ತುದಿ, ಸವೆದು ಗ್ಯಾಪ್ ಕಡಿಮೆಯಾಗುವ, ಟೈಮಿಂಗ್ ಹಿಂದೆ ಬೀಳುವ ರಗಳೆಯೂ ಇನ್ನಿಲ್ಲ. ಕಂಪನಿಯವರೇ ಕೊನೆಕೊನೆಗೆ ಸಿಡಿಐ ಹಾಕಿದ್ದರು ಎಂದು ಮೇಸ್ತ್ರಿ ವಾದಿಸಿದ. ನಿಜ, ಹಾಕಿದ್ದರು. ಆದರೆ ನನ್ನದು 1982ರ ರೋಡ್‌ಕಿಂಗ್. ಇದೇ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಡೈನಮೋ, ಪಾಯಿಂಟ್ ಸಮೇತ ಹೊರಬಂದ ಗಾಡಿ. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ಮೂಲ ಸಾಮಾನನ್ನು ಇದೇ ಊರಿನಲ್ಲಿ ಕೆ.ಜಿ. ಲೆಕ್ಕದಲ್ಲಿ ತೂಗುತ್ತಾರೆ ಎಂದರೆ ಯಾರಿಗೆ ಹೇಳುವುದು?

ಅಪ್ಪ ಪಾಯಿಂಟಿನ ಗ್ಯಾಪ್ ಅಳೆಯುವ 0.4 ಮಿಲಿಮೀಟರಿನ ಫೀಲರ್ ಗೇಜ್ ಒಂದನ್ನು ಟೂಲ್‌ಬಾಕ್ಸಿನಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಪಾಯಿಂಟ್ ತೆರೆಯುವ ಕ್ಷಣ ಹಿಡಿಯಲು ಅದರ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತ ಎಂಜಿನ್ ತಿರುಗಿಸುತ್ತಿದ್ದರು. ಕಾಗದ ಜಾರಿತೋ, ಅದೇ ಟೈಮಿಂಗ್. ನನಗೆ ಈ ಕೆಲಸ ಕಲಿಸಿದ್ದೂ ಅವರೇ. ಚಾರ್ಮಾಡಿ ಘಾಟಿಯ ನಡುವೆ ಗಾಡಿ ನಿಂತರೂ ಒಂದು ಸ್ಕ್ರೂ ಡ್ರೈವರ್, ಒಂದು ಎಮರಿ ಕಾಗದ ಸಾಕಾಗಿತ್ತು. ನಾಳೆ ಈ ಸಿಡಿಐ ಡಬ್ಬಿ ಅಲ್ಲಿ ಸತ್ತರೆ ಏನು ಮಾಡಲಿ? ಅದನ್ನು ಬಿಚ್ಚುವುದಕ್ಕೂ ಆಗದು, ಒಳಗೆಲ್ಲ ಅರಗು ತುಂಬಿ ಮುಚ್ಚಿದ್ದಾರೆ. ಯಾರಾದರೂ ಉತ್ತರ ಕೊಡಿ! ಪಾಯಿಂಟ್ ಬೇಕೋ ಸಿಡಿಐ ಬೇಕೋ ಎಂದು ನಿರ್ಧರಿಸುವವನು ಗಾಡಿಯ ಮಾಲೀಕನೋ, ಮೇಸ್ತ್ರಿಯೋ? ಈಗ ಸಿಗುವ ಕಂಡೆನ್ಸರ್‌ಗಳು ಬಾಳಿಕೆ ಬರುವುದಿಲ್ಲ ಎಂದರೆ ಅದನ್ನು ಹೇಳಲಿ, ಕೇಳಲಿ. ಬೇಕಿದ್ದರೆ ಸಿಡಿಐ ಹಾಕಿ ಹಳೆಯದನ್ನು ಒಂದು ಚೀಲಕ್ಕೆ ತುಂಬಿ ಕೈಗೆ ಕೊಡಲಿ. ಅಷ್ಟಾದರೂ ಮಾಡಬಾರದಿತ್ತೇ?

ಜಗಳ ಮಾಡಿ ಪ್ರಯೋಜನವಿಲ್ಲ, ಬಿಡೋಣ ಎಂದುಕೊಳ್ಳುತ್ತೇನೆ. ಬಿಡಲು ಆಗುತ್ತಿಲ್ಲ. ಬೆಳಿಗ್ಗೆ ಗುಜರಿ ಅಂಗಡಿಗಳನ್ನು ಒಂದೊಂದಾಗಿ ಸುತ್ತುತ್ತೇನೆ. ಅಲ್ಲಿಯವರೆಗೆ, ಪಾಯಿಂಟ್ ತಟ್ಟೆ ಸಮೇತ ರೋಡ್‌ಕಿಂಗ್ ಡೈನಮೋ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ. ಆರ್ಮೇಚರ್ (ಡೈನಮೋ ಒಳಗೆ ತಿರುಗುವ ತಂತಿ ಸುತ್ತಿದ ಭಾಗ) ಸುಟ್ಟಿದ್ದರೂ ಪರವಾಗಿಲ್ಲ, ರಿವೈಂಡಿಂಗ್ ಮಾಡಿಸಿಕೊಳ್ಳುತ್ತೇನೆ.